ಶೇಡಿಮಣ್ಣಿಗೆ ಹಾಕಿದ ಕೊಸರು

ನಮ್ಮ ಅಣ್ಣ ಬೋಟಿನ ತಾಂಡೇಲನಾಗಿದ್ದ. ಬಲೆ ಎಲ್ಲಿ ಬಿಡುವುದು, ಯಾವಾಗ ತಿರುಗುವುದು ಎಂದು ಹೇಳುವವನು ತಾಂಡೇಲ. ಬೋಟಿನಲ್ಲಿರುವವರೆಲ್ಲ ಅವನ ಮಾತು ಕೇಳಬೇಕು. ಆದರೆ ಅಣ್ಣನಿಗೆ ಸಮುದ್ರ ಆಗುವುದಿಲ್ಲ. ಹೊಳೆ ಸಮುದ್ರ ಸೇರುವ ಅಳಿವೆ ದಾಟಿ ಬೋಟು ಒಮ್ಮೆ ಎದ್ದು ಕೂತರೆ ಬದಿಗೆ ಬಗ್ಗಿ ಕಾರುತ್ತಾನೆ. ಮೀಸೆ ಬರುವ ಮೊದಲಿನಿಂದಲೂ ಹೀಗೆಯೇ. ಎಲ್ಲರಿಗೂ ಸ್ವಲ್ಪ ದಿನದಲ್ಲಿ ಅಭ್ಯಾಸವಾಗುತ್ತದೆ, ಅವನಿಗೆ ಆಗಲಿಲ್ಲ.

ಬೋಟಿನವರು ಇದನ್ನು ಒಳ್ಳೆಯ ಲಕ್ಷಣ ಎಂದುಕೊಂಡಿದ್ದರು. ತಾಂಡೇಲ ಕಾರಿದ ದಿನ ಬಲೆಗೆ ಬಂಗಡೆ ಮೀನು ಬೀಳುತ್ತದೆ ಎಂದು ಭಟ್ಕಳ ಬಂದರದಲ್ಲಿ ಬೇರೆ ಬೋಟಿನವರಿಗೂ ಗೊತ್ತಿತ್ತು. ಸಮುದ್ರ ಶಾಂತವಾಗಿದ್ದು ಅಣ್ಣ ಸುಮ್ಮನೆ ಕೂತಿದ್ದರೆ ಅವರಿಗೆ ಚಿಂತೆಯಾಗುತ್ತಿತ್ತು.

"ತಾಂಡೇಲ್ರೇ, ಇನ್ನೊಂದು ಸಲ ಅವಲಕ್ಕಿ ತಿನ್ನಿ" ಎಂದು ತಟ್ಟೆ ಮುಂದೆ ಹಿಡಿಯುತ್ತಿದ್ದರಂತೆ.

"ನಿಮ್ಮ ಬಲೆಗೆ ನನ್ನ ಹೊಟ್ಟೆ ಕಟ್ಟಿಕೊಳ್ಳಿ" ಎಂದು ಅವನು ಬೈಯುತ್ತಿದ್ದನಂತೆ. ಬೈದ ಮೇಲೆ ತಿನ್ನುತ್ತಿದ್ದನಂತೆ.

ಮನೆಗೆ ಬಂದರೆ ಎರಡು ಹೊತ್ತು ಬರೀ ಗಂಜಿನೀರು. ಅತ್ತಿಗೆ ಹೇಳುತ್ತಿದ್ದರು, ಊರಿನವರೆಲ್ಲ ಇವರು ಹಿಡಿದ ಮೀನು ತಿನ್ನುತ್ತಾರೆ, ಇವರೊಬ್ಬರನ್ನು ಬಿಟ್ಟು. ಅಣ್ಣನಿಗೆ ನೆಲದ ಮೇಲೆ ಯಾವುದಾದರೂ ಒಂದು ಕೆಲಸ ಬೇಕಿತ್ತು. ನಾನು ಮುಂದೆ ಮಾಡಿದ್ದೆಲ್ಲ ಅದಕ್ಕಾಗಿ ಮಾಡಿದ್ದು. ಹಾಗೆಂದು ಹೇಳಿದರೆ ಮಾಡಿದ್ದು ಚಿಕ್ಕದಾಗುವುದಿಲ್ಲ, ಗೊತ್ತಿದೆ.

ನಾನು ಏಳನೆಯ ಇಯತ್ತೆಯವರೆಗೆ ಕಲಿತವಳು. ಆಮೇಲೆ ಅಮ್ಮನ ಜೊತೆ ಭಟ್ಕಳ ಪೇಟೆಯಲ್ಲಿ ಮೀನು ಮಾರಲು ಕೂತೆ. ಅಲ್ಲಿ ಕಲಿತದ್ದು ಎರಡು. ಒಂದು, ಪಾಲು ಮಾಡುವಾಗ ಒಳ್ಳೆಯ ಮೀನಿನ ಹೊಟ್ಟೆ ಗಿರಾಕಿಯ ಕಡೆಗೆ ಇರಬೇಕು. ಎರಡು, ಕೊಸರು. ಚೌಕಾಶಿ ಮುಗಿದು ಮೀನು ಚೀಲಕ್ಕೆ ಬಿದ್ದ ಮೇಲೂ ಗಿರಾಕಿ ಚೀಲದ ಬಾಯಿ ಮುಚ್ಚುವುದಿಲ್ಲ. ಹಿಡಿದುಕೊಂಡೇ ನಿಂತಿರುತ್ತಾರೆ. ಆಗ ಒಂದು ತಾರ್ಲೆಯನ್ನೋ, ಒಂದು ಚಿಕ್ಕ ಬಂಗಡೆಯನ್ನೋ ಮೇಲಿಂದ ಹಾಕಬೇಕು. ಅದೇ ಕೊಸರು. ಅದು ಲೆಕ್ಕದ ಹೊರಗಿನದು. ಹಾಕದಿದ್ದರೆ ಆ ಮನೆಯವರು ನಾಳೆ ಪಕ್ಕದ ಬುಟ್ಟಿಯ ಮುಂದೆ ನಿಲ್ಲುತ್ತಾರೆ. ಅಮ್ಮನ ಕೈ ದೊಡ್ಡದು, ನನ್ನದೂ ಹಾಗೆಯೇ. ನಾನು ಕೊಸರು ಹಾಕಿದಾಗೆಲ್ಲ ಅಮ್ಮ, "ಮನೆ ತೊಳೆದು ಹೋಗೂದು ನಿನ್ನ ಕೈಲೇ" ಎನ್ನುತ್ತಿದ್ದಳು.

ಮದುವೆಯಾಗಿ ಹೊನ್ನಾವರಕ್ಕೆ ಬಂದೆ. ಬುಟ್ಟಿ ಹೊತ್ತು ಕುತ್ತಿಗೆ ನೋವು ಹಿಡಿದ ಮೇಲೆ ಹೆದ್ದಾರಿಯ ಹಿಂದಿನ ಒಂದು ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿಕೊಂಡೆ. ಅದೊಂದು ಸಣ್ಣ ಪ್ರಯೋಗಶಾಲೆ. ನಡೆಸುವವರು ನಿವೃತ್ತರಾದ ಒಬ್ಬ ಸರ್, ಒಳನಾಡಿನ ಅಡಿಕೆ ತೋಟದ ಊರಿನವರು. ಜನ ಕಲ್ಲು, ಮಣ್ಣು, ಮರಳು ತರುತ್ತಾರೆ. ಅದರಲ್ಲಿ ಕಾರ್ಖಾನೆಗೆ ಉಪಯೋಗಕ್ಕೆ ಬರುವುದು ಎಷ್ಟಿದೆ, ಅದನ್ನು ಹೇಗೆ ಬೇರೆ ಮಾಡಬಹುದು ಎಂದು ಸರ್ ಹೇಳುತ್ತಾರೆ. ಹೀಗೆ ನೆಲದಿಂದ ಬಂದ ಕಚ್ಚಾ ಮಾಲಿಗೆ ಅವರು ಅದಿರು ಎನ್ನುತ್ತಿದ್ದರು. ಮೊದಮೊದಲು ನನಗದು 'ಎದುರು' ಎಂದು ಕೇಳುತ್ತಿತ್ತು. "ಅದಿರು ಬಂತು" ಎಂದರೆ ನಾನು ಬಾಗಿಲ ಎದುರು ಹೋಗಿ ನಿಲ್ಲುತ್ತಿದ್ದೆ. ಹೇಗೂ ಚೀಲ ಅಲ್ಲೇ ಇರುತ್ತಿದ್ದರಿಂದ ಈ ತಪ್ಪು ಬಹಳ ದಿನ ಗೊತ್ತಾಗಲಿಲ್ಲ.

ಕೆಲಸ ಕಷ್ಟದ್ದಲ್ಲ. ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಮರಳಿನ ಮೇಲೆ ಆಡಿಸಿದರೆ ಕರಿಯ ಕಣಗಳು ಮೀಸೆಯ ಹಾಗೆ ಅಂಟಿಕೊಂಡು ಬರುತ್ತವೆ. ಚೀಲ ಎಳೆದುಬಿಟ್ಟರೆ ಎಲ್ಲ ಉದುರುತ್ತವೆ. ಇನ್ನೊಂದು ಮೇಜು ಇತ್ತು, ಇಳಿಜಾರಾಗಿ ನಿಂತು ಸದಾ ಅಲುಗಾಡುವುದು. ಅದರ ಮೇಲೆ ನೀರು ಹರಿಸುತ್ತ ಪುಡಿ ಬಿಟ್ಟರೆ ಭಾರದ್ದು ಒಂದು ಮೂಲೆಗೆ, ಹಗುರದ್ದು ಇನ್ನೊಂದು ಮೂಲೆಗೆ ಹೋಗುತ್ತದೆ. ಮೊರದಲ್ಲಿ ಅಕ್ಕಿ ಕೇರಿದ ಹಾಗೆಯೇ, ಕೈ ನೋಯುವುದಿಲ್ಲ ಅಷ್ಟೆ. ಒಂದು ಡಬ್ಬಿಯಲ್ಲಿ ನೀರು, ಪುಡಿ, ಸ್ವಲ್ಪ ಎಣ್ಣೆ ಹಾಕಿ ಗಾಳಿ ಊದಿದರೆ ಬೇಕಾದ ಕಣ ನೊರೆಗೆ ಅಂಟಿ ಮೇಲೆ ಬರುತ್ತದೆ, ಬೇಡದ್ದು ಕೆಳಗೆ ಉಳಿಯುತ್ತದೆ. ಮನೆಯಲ್ಲಿ ಸಾರಿನ ನೊರೆ ತೆಗೆದು ಚೆಲ್ಲುವವಳಿಗೆ ಇದೊಂದು ಮಾತ್ರ ರೂಢಿಯಾಗಲು ಹೊತ್ತು ಹಿಡಿಯಿತು. ಒಂದು ಸಲ ನೊರೆ ಚೆಲ್ಲಿಬಿಟ್ಟೆ. ಸರ್ ಬೈಯಲಿಲ್ಲ. ತಲೆಯ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತರು.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಪಾಲು. ತಂದ ಚೀಲವನ್ನೆಲ್ಲ ಪರೀಕ್ಷೆ ಮಾಡಲಾಗುವುದಿಲ್ಲ. ಪುಡಿಮಾಡಿ, ಶಂಕುವಿನ ಹಾಗೆ ರಾಶಿ ಹಾಕಿ, ಮೇಲಿಂದ ಒತ್ತಿ ಚಪ್ಪಟೆ ಮಾಡಿ, ಹಲಗೆಯಿಂದ ನಾಲ್ಕು ಭಾಗ ಮಾಡಬೇಕು. ಎದುರುಬದುರಿನ ಎರಡು ಭಾಗ ಪರೀಕ್ಷೆಗೆ. ಉಳಿದ ಎರಡನ್ನು ಚೀಟಿ ಬರೆದು ಕಟ್ಟಿ ಕಪಾಟಿನಲ್ಲಿ ಇಡಬೇಕು, ಮುಂದೆ ತಕರಾರು ಬಂದರೆ ನೋಡಲು. ಪಾಲು ಮಾಡುವುದನ್ನು ಸರ್ ಮೊದಲ ದಿನ ನನಗೆ ತೋರಿಸಿ, "ಇದರಲ್ಲಿ ಒಳ್ಳೆಯದು ಕೆಟ್ಟದ್ದು ಅಂತ ಆರಿಸಬಾರದು. ಕಣ್ಣು ಮುಚ್ಚಿಕೊಂಡ ಹಾಗೆ ಮಾಡಬೇಕು" ಎಂದಿದ್ದರು.

"ಮೀನಿಗೆ ಹಾಗೆ ಮಾಡಿದ್ರೆ ಗಿರಾಕಿ ಬೈತಾರೆ ಸರ್" ಎಂದೆ.

"ಮಣ್ಣಿಗೆ ಗಿರಾಕಿ ನಾನು" ಎಂದರು.

ಭಟ್ಕಳದ ಹತ್ತಿರದ ಬೆಳಕೆಯಲ್ಲಿ ಅಣ್ಣನ ಮನೆಯ ಹಿಂದೆ ಒಂದು ತುಂಡು ಗುಡ್ಡೆ ಜಾಗ ಇದೆ. ಅತ್ತಿಗೆಯ ಒತ್ತಾಯಕ್ಕೆ ಅಲ್ಲಿ ಬಾವಿ ತೋಡಿಸಲು ಹೊರಟ. ಮೇಲೆ ಕೆಂಪುಕಲ್ಲು, ಅದರ ಕೆಳಗೆ ಬಿಳಿಯ ಶೇಡಿಮಣ್ಣು. ಶೇಡಿ ನಮ್ಮ ಕಡೆ ಹೊಸದೇನಲ್ಲ. ಗೋಡೆಗೆ ಬಳಿಯುತ್ತಾರೆ, ಹಬ್ಬದಲ್ಲಿ ಹೊಸಿಲಿಗೆ ಗೆರೆ ಎಳೆಯುತ್ತಾರೆ. ಆದರೆ ಇಷ್ಟು ಬೆಳ್ಳಗಿನದನ್ನು ಯಾರೂ ನೋಡಿರಲಿಲ್ಲ. ಆಳವೂ ಮುಗಿಯಲಿಲ್ಲ. ಇಂಥ ಮಣ್ಣು ಚಹಾ ಕುಡಿಯುವ ಕಪ್ಪು ಬಸಿ ಮಾಡುವ ಪಿಂಗಾಣಿ ಕಾರ್ಖಾನೆಗೆ ಬೇಕಾಗುತ್ತದೆ ಎಂದು ಯಾರೋ ದಲ್ಲಾಳಿ ಹೇಳಿದ. ಮಾರನೆಯ ದಿನ ಅಣ್ಣ ಸಿಮೆಂಟು ಚೀಲದಲ್ಲಿ ಮಣ್ಣು ತುಂಬಿಕೊಂಡು ಬಸ್ಸು ಹತ್ತಿ ಹೊನ್ನಾವರಕ್ಕೆ ಬಂದ. ಬಸ್ಸಿನಲ್ಲೂ ಅವನಿಗೆ ಆಗುವುದಿಲ್ಲ. ಶಿರಾಲಿ ದಾಟುವಾಗ ಕಾರಿದನಂತೆ.

"ಇದ್ನ ಕಾಣು ತಂಗಿ. ನೀರಿಗೆ ತೋಡಿದ್ರೆ ಹಾಲು ಬಂತು."

"ಅತ್ಗೆ ಎಂತ ಅಂದ್ರು?"

"ಚಾ ಮಾಡೂಕೆ ಆಗ್ತದ್ಯಾ ಕೇಳಿದ್ಲು."

ಸರ್ ಬಂದು ಒಂದು ಹೆಂಟೆ ಮುರಿದು ನೋಡಿದರು, ಬೆರಳಲ್ಲಿ ತಿಕ್ಕಿದರು, ನಾಲಿಗೆಗೆ ತಾಗಿಸಿದರು. ಹಸಿಯಾಗಿ ಬೆಳ್ಳಗಿದ್ದರೆ ಸಾಲದು, ಸುಟ್ಟ ಮೇಲೂ ಬೆಳ್ಳಗಿರಬೇಕು, ಒಳಗೆ ಕಬ್ಬಿಣದ ಅಂಶವಿದ್ದರೆ ಬಣ್ಣ ಬರುತ್ತದೆ, ನೋಡದೆ ಹೇಳಲಾಗುವುದಿಲ್ಲ ಎಂದರು. ಅಣ್ಣ ಎಲ್ಲಕ್ಕೂ ತಲೆಯಾಡಿಸಿದ. ಹೊರಡುವಾಗ ನನ್ನ ಹತ್ತಿರ ಮಾತ್ರ ಹೇಳಿದ.

"ನಿನ್ನ ಕೈಲೇ ಆಗೂದು. ಸರೀ ನೋಡು ಮಾರಾಯ್ತಿ. ಇದು ಆತು ಅಂದ್ರೆ ನಾ ಬೋಟಿಗೆ ಕೈ ಮುಗಿತೆ."

ಖಾಲಿ ಚೀಲ ಮಡಿಸಿಕೊಳ್ಳದೆ, ಬಾಯಿ ಬಿಚ್ಚಿ ಹಿಡಿದುಕೊಂಡೇ ನಿಂತಿದ್ದ. ಅವನಿಗೆ ಅದರಲ್ಲಿ ಅರ್ಥವೇನೂ ಇರಲಿಲ್ಲ. ನನಗೆ ಮಾತ್ರ ಪೇಟೆಯ ಗಿರಾಕಿಯ ಚೀಲ ಕಂಡಿತು.

ಮಣ್ಣಿನ ಕೆಲಸಕ್ಕೆ ಕಬ್ಬಿಣ ತಾಗಬಾರದು. ಮರದ ಸುತ್ತಿಗೆ, ಪ್ಲಾಸ್ಟಿಕ್ ಬಕೆಟ್ಟು. ನನ್ನ ಬಳೆಗೆ ಸಿಕ್ಕಿಸಿದ್ದ ಸೇಫ್ಟಿಪಿನ್ನುಗಳನ್ನೂ ಸರ್ ತೆಗೆಸಿಡುತ್ತಿದ್ದರು. ಅಣ್ಣನ ಮಣ್ಣನ್ನು ಒಣಗಿಸಿದೆ, ಕುಟ್ಟಿದೆ, ರಾಶಿ ಹಾಕಿ ನಾಲ್ಕು ಪಾಲು ಮಾಡಿದೆ. ಎರಡು ಪಾಲು ಕಟ್ಟಿ ಕಪಾಟಿಗೆ ಹಾಕಿದೆ. ಉಳಿದದ್ದನ್ನು ಮತ್ತೆ ಪಾಲು ಮಾಡಿ, ಕೊನೆಗೆ ಮೂರು ಮುಷ್ಟಿಯಷ್ಟು ಉಳಿಸಿ ಬಕೆಟ್ಟಿಗೆ ಹಾಕಿದೆ. ಇಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸರಿಯಾಗಿತ್ತು. ಇದನ್ನು ಸರ್ ಕೂಡ ಆಮೇಲೆ ಒಪ್ಪಿಕೊಂಡರು.

ಗೋಡೆಯ ಹಲಗೆಯ ಮೇಲೆ ಒಂದು ಜಾಡಿ ಇತ್ತು. ಅದರಲ್ಲಿ ಹೊರರಾಜ್ಯದಿಂದ ತರಿಸಿದ ಮೇಲು ದರ್ಜೆಯ ಮಣ್ಣು. ಬೇರೆ ಮಣ್ಣನ್ನು ಅದರ ಪಕ್ಕ ಇಟ್ಟು ಹೋಲಿಸುತ್ತಿದ್ದರು. ಸರ್ ಫೋನಿನಲ್ಲಿದ್ದರು. ನಾನು ಜಾಡಿಗೆ ಕೈ ಹಾಕಿ ಒಂದು ಮುಷ್ಟಿ ತೆಗೆದು ಅಣ್ಣನ ಬಕೆಟ್ಟಿಗೆ ಮೇಲಿಂದ ಹಾಕಿದೆ. ಯೋಚನೆ ಮಾಡಿ ಹಾಕಿದೆನೇ ಎಂದು ಕೇಳಿದರೆ, ಪೇಟೆಯಲ್ಲಿ ಯಾವತ್ತಾದರೂ ಯೋಚನೆ ಮಾಡಿ ಹಾಕಿದ್ದೆನೇ ಎಂದು ನೆನಪು ಮಾಡಿಕೊಳ್ಳಬೇಕಾಗುತ್ತದೆ. ಆದರೆ ಹಾಕುವ ಮೊದಲು ಸರ್ ಇದ್ದ ಕಡೆ ತಿರುಗಿ ನೋಡಿದ್ದು ನಿಜ. ಪೇಟೆಯಲ್ಲಿ ಹಾಗೆ ನೋಡುತ್ತಿರಲಿಲ್ಲ.

ಮುಂದಿನದು ಮಾಮೂಲು. ನೀರು ಹಾಕಿ ನೆನೆಸಿ ಕದಡುವುದು. ಮರಳು ತಳಕ್ಕೆ ಹೋಗುತ್ತದೆ. ಮೇಲಿನ ಹಾಲನ್ನು ಹಿಟ್ಟಿನ ಜರಡಿಗಿಂತ ಎಷ್ಟೋ ನುಣುಪಾದ ಜರಡಿಯಲ್ಲಿ ಸೋಸಿ ಗಾಜಿನ ಪಾತ್ರೆಗೆ ಬಿಟ್ಟು, ಚಿಟಿಕೆ ಪಟಿಕ ಹಾಕಿದರೆ ಮಣ್ಣು ಕೆಳಗೆ ಕೂರುತ್ತದೆ. ತಿಳಿನೀರು ತೆಗೆದು, ಬಟ್ಟೆಯಲ್ಲಿ ಹಿಂಡಿ, ಒಣಗಿಸಿ, ಮತ್ತೆ ನಾದಿ, ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದಾದ ಬಿಲ್ಲೆ ಒತ್ತುವುದು. ಆ ಬಿಲ್ಲೆಯನ್ನು ಸಣ್ಣ ಕುಲುಮೆಯಲ್ಲಿಟ್ಟು ಸುಡುವುದು. ಬಿಳುಪು ಅಳೆಯುವ ಯಂತ್ರ ಆಗ ರಿಪೇರಿಗೆ ಹೋಗಿತ್ತು. ಸರ್ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಳತೆಯಲ್ಲೇ ನೋಡಿದರು.

"ಅಡ್ಡಿಯಿಲ್ಲ" ಎಂದರು. "ನಿನ್ನ ಅಣ್ಣನ ಅದೃಷ್ಟ. ಸ್ವಲ್ಪ ಕೆನೆಬಣ್ಣ, ಆದರೆ ನಡೆಯುತ್ತದೆ."

ಅಣ್ಣ ಆ ವಾರವೇ ಬೋಟು ಬಿಟ್ಟ. ಮಾಲಕರು ಬೇರೆ ತಾಂಡೇಲನನ್ನು ಹಾಕಿದರು. ಬಾವಿಯ ಕೆಲಸ ನಿಂತು ಜೆಸಿಬಿ ಬಂತು. ಮೇಲಿನ ಕೆಂಪುಕಲ್ಲು ತೆಗೆದು ಹೊಂಡ ಅಗಲ ಮಾಡಿದರು. ಅತ್ತಿಗೆಯ ಬಟ್ಟೆ ಒಗೆಯುವ ಕಲ್ಲು, ಎರಡು ತೆಂಗಿನ ಮರ, ಒಂದು ನುಗ್ಗೆ ಹೋದವು. ಅಣ್ಣ ದಿನಾ ಮಧ್ಯಾಹ್ನ ಮೀನುಸಾರಿನಲ್ಲಿ ಊಟ ಮಾಡಿದ. ಮೈಯಲ್ಲಿ ಸ್ವಲ್ಪ ಮಾಂಸ ಬಂತು. ನಾನು ಒಂದು ಭಾನುವಾರ ಹೋದಾಗ ಅತ್ತಿಗೆ ಬಾಗಿಲಲ್ಲೇ ನಿಲ್ಲಿಸಿ ಹೇಳಿದರು, "ನಿಮ್ಮ ಅಣ್ಣ ಈಗ ಉಂಡದ್ದು ಹೊಟ್ಟೆಲೇ ಇರ್ತದೆ ನೋಡಿ." ನನಗೆ ಖುಷಿಯಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಮೊದಲ ಲಾರಿ ಹೋಯಿತು. ಕಾರ್ಖಾನೆಯವರು ಸುಟ್ಟು ನೋಡಿದರು. ಗುಲಾಬಿ ಬಣ್ಣಕ್ಕೆ ತಿರುಗಿತು. ಕಪ್ಪು ಬಸಿಗೆ ಆಗುವುದಿಲ್ಲ, ಹೆಂಚಿಗೆ ಬೇಕಾದರೆ ನೋಡಿ ಎಂದು ದಲ್ಲಾಳಿಯ ಹತ್ತಿರ ಹೇಳಿ ಕಳಿಸಿದರು. ಹೆಂಚಿಗೆ ನಮ್ಮ ಕಡೆ ಯಾರೂ ಮಣ್ಣು ಹುಡುಕಿಕೊಂಡು ಬೆಳಕೆಗೆ ಬರುವುದಿಲ್ಲ.

ಅಣ್ಣ ಹೊನ್ನಾವರಕ್ಕೆ ಬಂದ. ಸರ್ ಅವನನ್ನು ಕೂರಿಸಿ, ಕಪಾಟಿನಿಂದ ತಕರಾರಿಗೆಂದು ಇಟ್ಟಿದ್ದ ಪಾಲನ್ನು ತೆಗೆದರು. ಅದನ್ನು ನಾನೇ ಕದಡಿದೆ, ಸೋಸಿದೆ, ಬಿಲ್ಲೆ ಮಾಡಿದೆ. ಈ ಸಲ ಏನೂ ಹಾಕಲಿಲ್ಲ. ಸುಟ್ಟ ಮೇಲೆ ಬಿಲ್ಲೆ ಗುಲಾಬಿಯಾಗಿಯೇ ಬಂತು, ಕೆಂಪು ತಿರುಳಿನ ಸೀಬೆಹಣ್ಣಿನ ಹಾಗೆ. ಅಣ್ಣ ಫಲಿತಾಂಶ ಕೇಳಲು ಮತ್ತೆ ಬಂದಿದ್ದ.

ಸರ್ ಅದನ್ನು ಬಹಳ ಹೊತ್ತು ನೋಡಿದರು. "ತಪ್ಪು ನನ್ನದು" ಎಂದರು. "ನನ್ನ ಕಣ್ಣು ಮೋಸ ಮಾಡಿತು. ಯಂತ್ರ ಬರುವವರೆಗೆ ಕಾಯಬೇಕಿತ್ತು."

ಅಣ್ಣ ಎದ್ದು ನಿಂತ. "ಕಣ್ಣು ಕಾಣದಿದ್ರೆ ಬಾಗ್ಲು ಹಾಕಿಕೊಂಡು ಮನೇಲಿ ಕೂರಿ ಸರ್! ನಾ ಬೋಟು ಬಿಟ್ಟೆ. ತಾಂಡೇಲ್ಕಿ ಮತ್ತೊಬ್ಬನ ಕೈಗೆ ಹೋತು. ನಿಮ್ಮ ಕಣ್ಣಿಂದ!"

ಸರ್ ತಲೆ ತಗ್ಗಿಸಿ ನಿಂತರು. ನಾನು ಅಲ್ಲೇ ನಲ್ಲಿಯ ಹತ್ತಿರ ಜರಡಿ ತೊಳೆಯುತ್ತಿದ್ದೆ. ಮೊದಲೇ ತೊಳೆದಿದ್ದ ಜರಡಿ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ನಾನು ಅದನ್ನು ಮತ್ತೊಮ್ಮೆ ತೊಳೆದೆ. ಮುಷ್ಟಿ ಮಣ್ಣು ಹಾಕಿದ್ದನ್ನು ಕೈಯ ಅಭ್ಯಾಸ ಎಂದು ಹೇಳಿಕೊಳ್ಳಬಹುದೇನೋ. ಜರಡಿ ತೊಳೆದದ್ದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ಆಮೇಲೆ ಅಣ್ಣ ಅದೇ ಬೋಟಿಗೆ ಹೊಸ ತಾಂಡೇಲನ ಕೈಕೆಳಗೆ ಬಲೆ ಎಳೆಯುವ ಆಳಾಗಿ ಹೋಗತೊಡಗಿದ. ಬಂದರದಲ್ಲಿ ಯಾರಾದರೂ ಮಣ್ಣಿನ ವಿಷಯ ತೆಗೆದರೆ 'ಕುರುಡು ಸರ್' ಎಂದು ಹೇಳುತ್ತಿದ್ದ. ಅವನ ಮನೆಯಲ್ಲಿ ಊಟಕ್ಕೆ ಕೂತು ಆ ಮಾತಿಗೆ ನಾನೂ ಹೂಂ ಎಂದಿದ್ದೇನೆ.

ಸರ್ ಕುಮಟೆಗೆ ಹೋಗಿ ಕಣ್ಣು ತೋರಿಸಿದರು. ಅಲ್ಲಿ ಪರೀಕ್ಷೆ ಮಾಡಿದರೆ ನಿಜವಾಗಿಯೂ ಪೊರೆ ಬರಲು ಶುರುವಾಗಿತ್ತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಆ ರಾತ್ರಿ ಪಾಯಸ ಮಾಡಿದೆ. ಗಂಡ ಏನು ವಿಶೇಷ ಎಂದು ಕೇಳಿದರು. ಸರ್‌ಗೆ ಪೊರೆ ಬಂದಿದೆ ಎಂದೆ. ಅವರು ಮತ್ತೇನೂ ಕೇಳದೆ ಉಂಡರು.

ಶಸ್ತ್ರಚಿಕಿತ್ಸೆ ಆಯಿತು. ಸರ್ ಕರಿ ಕನ್ನಡಕ ಹಾಕಿಕೊಂಡು ಕೆಲವು ದಿನ ಮನೆಯಲ್ಲಿದ್ದರು. ಕೆಲಸಕ್ಕೆ ಬಂದ ದಿನ ಮಕ್ಕಳ ಹಾಗೆ ಶೆಡ್ಡೆಲ್ಲ ಸುತ್ತಿದರು. ಬಕೆಟ್ಟು ಇಷ್ಟು ನೀಲಿ ಇದೆ ಅಂತ ಗೊತ್ತೇ ಇರಲಿಲ್ಲ ಎಂದರು. ಗೋಡೆಗೆ ಸುಣ್ಣ ಹೊಡೆಸಬೇಕು ಎಂದರು. ಆಮೇಲೆ ಕಪಾಟು ತೆಗೆದು ಅಣ್ಣನ ಎರಡೂ ಬಿಲ್ಲೆಗಳನ್ನು ಕಿಟಕಿಯಲ್ಲಿ ಅಕ್ಕಪಕ್ಕ ಇಟ್ಟರು. ಹಳೆಯದು, ತಕರಾರಿನದು.

"ಎಂತಾ ಇದು" ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಹಳೆಯ ಬಿಲ್ಲೆ ಹೊಸ ಕಣ್ಣಿಗೂ ಕೆನೆಬಣ್ಣವೇ. ಅಂದರೆ ಅಂದು ಅವರು ನೋಡಿದ್ದು ಸರಿಯಾಗಿತ್ತು.

"ಕಣ್ಣಲ್ಲ, ನನ್ನ ತಲೆಯೇ ಕೆಟ್ಟಿರಬೇಕು. ಯಾವುದೋ ಬೇರೆಯವರ ಮಣ್ಣನ್ನು ನಿನ್ನ ಅಣ್ಣನದೆಂದು ಸುಟ್ಟಿದ್ದೇನೆ" ಎಂದರು. "ಇನ್ನು ನಾನು ಈ ಕೆಲಸ ಮಾಡಬಾರದು."

ಕಣ್ಣಿನ ದೋಷ ಹೊರಿಸುವಷ್ಟು ದೂರ ನಾನು ಹೋಗಿದ್ದೆ. ತಲೆಯ ದೋಷ ಹೊರಿಸುವಷ್ಟು ಧೈರ್ಯ ಇರಲಿಲ್ಲ. "ಸರ್, ಅದಕ್ಕೆ ನಾ ಕೊಸರು ಹಾಕಿದ್ದೆ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಅವರು ಮೀನು ತಿನ್ನುವವರಲ್ಲ, ಪೇಟೆಯಲ್ಲಿ ಚೀಲ ಹಿಡಿದು ನಿಂತವರಲ್ಲ. ಜಾಡಿ ತೋರಿಸಿದೆ. ಮುಷ್ಟಿ ಕಟ್ಟಿ ತೋರಿಸಿದೆ. ಅವರು ಜಾಡಿಯನ್ನು, ಮುಷ್ಟಿಯನ್ನು ನೋಡಿದರು. ನನ್ನ ಮುಖ ನೋಡಲಿಲ್ಲ.

"ಪಾಲು ಮಾಡುವ ಮೊದಲೋ, ಆಮೇಲೋ?"

"ಆಮೇಲೆ."

"ಮಾಡಿ ತೋರಿಸು."

ಬೈಗುಳ ಬರುತ್ತದೆ ಎಂದು ನಿಂತಿದ್ದವಳಿಗೆ ಅವರು ಬಕೆಟ್ಟು ಕೊಟ್ಟರು. ನಾನು ಹೇಳಿದ್ದನ್ನು ಹಾಗೆಯೇ ನಂಬಲು ಅವರು ತಯಾರಿರಲಿಲ್ಲ. ಬೆಳಕೆಯ ಉಳಿದ ಮಣ್ಣು ಮೂರು ಮುಷ್ಟಿ, ಜಾಡಿಯದು ಒಂದು ಮುಷ್ಟಿ. ಕದಡಿದೆ, ಸೋಸಿದೆ, ಒಣಗಿಸಿದೆ, ಒತ್ತಿದೆ. ಸರ್ ಕುಲುಮೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ತಣಿದ ಮೇಲೆ ಹೊಸ ಬಿಲ್ಲೆಯನ್ನು ಕಿಟಕಿಯಲ್ಲಿ ಹಳೆಯದರ ಪಕ್ಕ ಇಟ್ಟರು. ಒಂದೇ ಬಣ್ಣ. ಅದಲುಬದಲು ಮಾಡಿದರೆ ಯಾವುದು ಯಾವುದೆಂದು ಹೇಳಲಾಗುತ್ತಿರಲಿಲ್ಲ.

"ಹೌದು. ನೀನು ಹೇಳಿದ್ದು ನಿಜ" ಎಂದರು. ಕುರ್ಚಿಯನ್ನು ವಾಪಸು ಮೇಜಿನ ಹತ್ತಿರ ಇಟ್ಟು, "ಅಣ್ಣನಿಗೆ ಹೇಳಿದ್ದೀಯಾ?" ಎಂದರು.

ನಾನು ಭಾನುವಾರ ಬೆಳಕೆಗೆ ಹೋದೆ. ಹೊಂಡದಲ್ಲಿ ಮಳೆನೀರು ನಿಂತು ಮಜ್ಜಿಗೆಯ ಹಾಗಿತ್ತು. ಅಣ್ಣ ಅದರ ಅಂಚಿನಲ್ಲಿ ಕೂತು ಬಲೆ ಹೊಲಿಯುತ್ತಿದ್ದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವನ ಕೈ ನಿಲ್ಲಲಿಲ್ಲ.

"ಎಷ್ಟು ಹಾಕಿದ್ದಿ?"

"ಒಂದು ಮುಷ್ಟಿ."

"ನಾ ಕೇಳಿದ್ನೇನೇ ನಿನ್ನ ಹತ್ರ?"

"ಇಲ್ಲ."

"ಸರೀ ನೋಡು ಅಂದಿದ್ದೆ. ಚಂದ ಮಾಡು ಅಂತ ಹೇಳಿರ್ಲಿಲ್ಲ." ದಾರ ಹಲ್ಲಲ್ಲಿ ಕಚ್ಚಿ ತುಂಡು ಮಾಡಿದ. "ಆಗ್ಲೇ ಆಗೂದಿಲ್ಲ ಅಂತ ಗೊತ್ತಾಗಿದ್ರೆ ಬಾವಿ ಆಗ್ತಿತ್ತು. ನಾ ತಾಂಡೇಲ ಆಗೇ ಕಾರ್ತಿದ್ದೆ. ಈಗ ಆಳಾಗಿ ಕಾರೂದು."

ಅಣ್ಣ ಸೂಜಿಗೆ ಹೊಸ ದಾರ ಏರಿಸಿದ.

"ಮತ್ತೆ ಆ ಸರ್‌ಗೆ ನಾ ಅಂದದ್ದು?"

"ನೀನೇ ಹೋಗಿ ಹೇಳ್ಬೇಕು ಅಣ್ಣ."

"ನಾ ಎಂತಕೆ ಹೋಗ್ಲಿ? ಬಸ್ಸಲ್ಲಿ ಕಾರ್ಕೊಂಡು?" ಎಂದ. ಆದರೂ ಹೋದ. ಮುಂದಿನ ವಾರ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತು, ಮುಖ ಒರೆಸಿಕೊಂಡು, "ಸರ್, ನಿಮ್ಮ ಕಣ್ಣು ಸರೀ ಇತ್ತಂತೆ" ಎಂದ. ಸರ್ ಅವನನ್ನು ಕೂರಿಸಿ ನೀರು ಕೊಟ್ಟರು. ಇಬ್ಬರೂ ಕಿಟಕಿಯಲ್ಲಿದ್ದ ಬಿಲ್ಲೆಗಳನ್ನು ನೋಡಿದರು. ಹೋಗುವಾಗ ಅಣ್ಣ ಗುಲಾಬಿ ಬಿಲ್ಲೆಯನ್ನು ಕೇಳಿ ತೆಗೆದುಕೊಂಡ. ಅದು ಅವನ ಮಣ್ಣು.

ಸರ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಜಾಡಿಯನ್ನು ಮಾತ್ರ ಬೀಗದೊಳಗೆ ಇಟ್ಟರು.

ಹೇಳಲು ಹೋದ ಆ ಭಾನುವಾರ ನಾನು ಹೊರಟಾಗ ಅಣ್ಣ ಯಾವತ್ತಿನಂತೆ ಮೀನು ಕಟ್ಟಿಕೊಟ್ಟ. ಪ್ರತಿ ಸಲವೂ ಅವನು ಚೀಲಕ್ಕೆ ಮೀನು ಹಾಕಿ, ನನ್ನ ಮುಖ ನೋಡಿ ನಕ್ಕು, ಮೇಲಿಂದ ಇನ್ನೊಂದು ಬಂಗಡೆ ಹಾಕುತ್ತಿದ್ದ. ಅಮ್ಮನನ್ನು ಅಣಕಿಸುವ ಆಟ ಅದು, ನಮ್ಮಿಬ್ಬರದು. ಅಂದು ಮೀನು ಹಾಕಿದ. ನಾನು ಚೀಲದ ಬಾಯಿ ತೆರೆದು ಹಿಡಿದುಕೊಂಡಿದ್ದೆ. ಅವನು ನನ್ನ ಕೈಯಿಂದ ಚೀಲ ತೆಗೆದುಕೊಂಡು, ಬಾಯಿ ಗಂಟು ಹಾಕಿ ವಾಪಸು ಕೊಟ್ಟ.

ಮೀನು ತಾಜಾ ಇತ್ತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಮಾರನೆಯ ದಿನ ಅತ್ತಿಗೆ ಫೋನು ಮಾಡಿದ್ದರು. ಅಣ್ಣ ಅಳಿವೆ ದಾಟುತ್ತಲೇ ಕಾರಿದನಂತೆ. ಬಂಗಡೆಯೂ ಬಿದ್ದಿತಂತೆ.